ಗುಲ್ಮಾರ್ಗ್‌ನ ವಸಂತಕಾಲದ ಹಿಮ ಮತ್ತು ಹವಾಮಾನ ಮುನ್ಸೂಚನೆ

ಗುಲ್ಮಾರ್ಗ್ ಜಮ್ಮು ಮತ್ತು ಕಾಶ್ಮೀರದ ಬಾರಾಮುಲ್ಲಾ ಜಿಲ್ಲೆಯಲ್ಲಿರುವ ಗಿರಿಧಾಮ ಹಾಗೂ ಭಾರತದ ಪ್ರಮುಖ ಸ್ಕೀಯಿಂಗ್ ತಾಣವಾಗಿದೆ. ಇಲ್ಲಿ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಹಿಮದ ಪ್ರಮಾಣ, ಹಿಮದ ಗುಣ, ಗಾಳಿ, ಉಷ್ಣಾಂಶ ಮತ್ತು ಹಿಮಕುಸಿತದ ಅಪಾಯವನ್ನು ಮುಂಚಿತವಾಗಿ ಅಂದಾಜಿಸುವ ಕ್ರಮವನ್ನು ಈ ಲೇಖನ ವಿವರಿಸುತ್ತದೆ. ಚಳಿಗಾಲದ ಮುನ್ಸೂಚನೆಯಲ್ಲಿ ಎಷ್ಟು ಹಿಮ ಬೀಳುತ್ತದೆ ಎಂಬುದು ಮುಖ್ಯ ಪ್ರಶ್ನೆ. ವಸಂತಕಾಲದಲ್ಲಿ ಈ ಪ್ರಶ್ನೆ ಬದಲಾಗುತ್ತದೆ. ಒಂದೇ ಮೋಡದಿಂದ ತಪ್ಪಲಿನಲ್ಲಿ ಮಳೆಯೂ ಶಿಖರದಲ್ಲಿ ಹಿಮವೂ ಸುರಿಯುವುದರಿಂದ, ಇವೆರಡರ ನಡುವಿನ ಗಡಿ ಯಾವ ಎತ್ತರದಲ್ಲಿದೆ ಮತ್ತು ರಾತ್ರಿ ಹಿಮ ಮರಳಿ ಹೆಪ್ಪುಗಟ್ಟುತ್ತದೆಯೇ ಎಂಬ ಎರಡು ಸಂಗತಿಗಳು ನಿರ್ಣಾಯಕವಾಗುತ್ತವೆ.

ಪದಬಳಕೆ

ಕನ್ನಡದಲ್ಲಿ ಹಿಮಕ್ಕೆ ಸಂಬಂಧಿಸಿದ ಪದಗಳು ಕೆಲವೊಮ್ಮೆ ಗೊಂದಲಕ್ಕೆ ಎಡೆಮಾಡುತ್ತವೆ. ‘ಮಂಜು’ ಎಂಬ ಪದವು ಕೊಡಗಿನ ಮುಂಜಾನೆಯ ಮಂಜಿಗೂ ಹಿಮಾಲಯದ ಹಿಮಕ್ಕೂ ಬಳಕೆಯಲ್ಲಿದೆ. ಪತ್ರಿಕೆಗಳಲ್ಲಿ ‘ಹಿಮಪಾತ’ ಎಂಬುದು ಆಕಾಶದಿಂದ ಹಿಮ ಸುರಿಯುವುದನ್ನೂ ಬೆಟ್ಟದಿಂದ ಹಿಮದ ರಾಶಿ ಜಾರಿ ಬೀಳುವುದನ್ನೂ ಸೂಚಿಸುವುದುಂಟು. ಮುನ್ಸೂಚನೆಯ ವಿಷಯದಲ್ಲಿ ಇವೆರಡೂ ಬೇರೆ ಬೇರೆ ಸಂಗತಿಗಳು. ಇವುಗಳ ಎಚ್ಚರಿಕೆಗಳನ್ನು ನೀಡುವ ಸಂಸ್ಥೆಗಳೂ ಬೇರೆ. ಆದ್ದರಿಂದ ಈ ಲೇಖನದಲ್ಲಿ ಮೊದಲನೆಯದನ್ನು ಹಿಮಪಾತ ಎಂದೂ ಎರಡನೆಯದನ್ನು ಹಿಮಕುಸಿತ ಎಂದೂ ಕರೆಯಲಾಗಿದೆ.

ಭೌಗೋಳಿಕ ಹಿನ್ನೆಲೆ

ಗುಲ್ಮಾರ್ಗ್ ಪೀರ್ ಪಂಜಾಲ್ ಪರ್ವತಶ್ರೇಣಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಶ್ರೀನಗರದಿಂದ ಸುಮಾರು 50 ಕಿ.ಮೀ. ದೂರದಲ್ಲಿರುವ ಈ ಬೋಗುಣಿಯಾಕಾರದ ಹುಲ್ಲುಗಾವಲಿಗೆ ತಂಗ್‌ಮಾರ್ಗ್ ಪಟ್ಟಣದಿಂದ 13 ಕಿ.ಮೀ. ಘಟ್ಟದ ರಸ್ತೆ ಇದೆ. ಬ್ರಿಟಿಷರು ಇಲ್ಲಿ 1927ರಲ್ಲಿ ಸ್ಕೀ ಕ್ಲಬ್ ಸ್ಥಾಪಿಸಿದರು.

ಗೊಂಡೊಲಾ ಎಂದು ಪ್ರಸಿದ್ಧವಾದ ಇಲ್ಲಿನ ರೋಪ್‌ವೇ ಎರಡು ಹಂತಗಳಲ್ಲಿದೆ. ಮೊದಲ ಹಂತವು ಗುಲ್ಮಾರ್ಗ್‌ನಿಂದ ಸುಮಾರು 3,080 ಮೀಟರ್ ಎತ್ತರದ ಕೊಂಗ್‌ಡೂರಿಗೆ ಒಯ್ಯುತ್ತದೆ. 2005ರಲ್ಲಿ ಆರಂಭವಾದ ಎರಡನೆಯ ಹಂತವು ಅಲ್ಲಿಂದ ಅಫರ್ವತ್ ಪರ್ವತದ ಭುಜದ ಮೇಲೆ ಸುಮಾರು 3,950 ಮೀಟರ್ ಎತ್ತರವನ್ನು ತಲುಪುತ್ತದೆ. ಅಂದರೆ ಒಬ್ಬ ಪ್ರವಾಸಿ ಒಂದು ಗಂಟೆಯೊಳಗೆ ಸುಮಾರು 1,300 ಮೀಟರ್ ಮೇಲೇರುತ್ತಾನೆ. ಗಾಳಿಯ ಉಷ್ಣಾಂಶವು ಪ್ರತಿ ಸಾವಿರ ಮೀಟರ್‌ಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಿದರೆ, ಈ ಎರಡು ತುದಿಗಳ ನಡುವೆ ಸುಮಾರು 8.5 ಡಿಗ್ರಿ ವ್ಯತ್ಯಾಸವಿರುತ್ತದೆ. ಕೆಳಗೆ 6 ಡಿಗ್ರಿ ಇರುವಾಗ ಮೇಲೆ ಶೂನ್ಯಕ್ಕಿಂತ ಎರಡೂವರೆ ಡಿಗ್ರಿ ಕಡಿಮೆ ಇರಬಹುದು. ‘ಗುಲ್ಮಾರ್ಗ್‌ನ ಇಂದಿನ ಉಷ್ಣಾಂಶ’ ಎಂದು ಮೊಬೈಲ್‌ನಲ್ಲಿ ಕಾಣುವ ಒಂದೇ ಅಂಕಿಯು ಈ ಕಾರಣದಿಂದ ಸ್ಕೀ ಪಟುವಿಗೆ ಹೆಚ್ಚಿನ ಪ್ರಯೋಜನಕ್ಕೆ ಬರುವುದಿಲ್ಲ.

ವಸಂತಕಾಲದ ಹವಾಮಾನ

ಕಾಶ್ಮೀರಿಗಳು ಚಳಿಗಾಲದ ತೀವ್ರ ಅವಧಿಯನ್ನು ಮೂರು ಭಾಗಗಳಾಗಿ ಎಣಿಸುತ್ತಾರೆ. ಡಿಸೆಂಬರ್ 21ರಿಂದ 40 ದಿನಗಳ ಚಿಲ್ಲೈ ಕಲಾನ್, ಅನಂತರ 20 ದಿನಗಳ ಚಿಲ್ಲೈ ಖುರ್ದ್, ಕೊನೆಗೆ 10 ದಿನಗಳ ಚಿಲ್ಲೈ ಬಚ್ಚಾ. ಇವು ಫೆಬ್ರವರಿ ಅಂತ್ಯದ ಹೊತ್ತಿಗೆ ಮುಗಿಯುತ್ತವೆ. ಮಾರ್ಚ್ ಮಧ್ಯದಿಂದ ಆರಂಭವಾಗುವ ವಸಂತವನ್ನು ಕಾಶ್ಮೀರಿಯಲ್ಲಿ ‘ಸೋಂತ್’ ಎನ್ನುತ್ತಾರೆ. ಶ್ರೀನಗರದ ಬಾದಾಮ್‌ವಾರಿಯಲ್ಲಿ ಬಾದಾಮಿ ಮರಗಳು ಹೂಬಿಡುವ ದಿನಗಳಲ್ಲಿಯೇ ಅಫರ್ವತ್‌ನ ಮೇಲ್ಭಾಗದಲ್ಲಿ ಹೊಸ ಹಿಮ ಬೀಳುವುದು ಸಾಮಾನ್ಯ ಸಂಗತಿ.

ಕರ್ನಾಟಕದ ಓದುಗರಿಗೆ ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್. ಕಾಶ್ಮೀರ ಕಣಿವೆಯಲ್ಲಿ ಈ ಲೆಕ್ಕ ಹೊಂದುವುದಿಲ್ಲ. ಪೀರ್ ಪಂಜಾಲ್ ಶ್ರೇಣಿಯು ನೈಋತ್ಯ ಮುಂಗಾರಿಗೆ ಬಹುಮಟ್ಟಿಗೆ ತಡೆಗೋಡೆಯಾಗಿ ನಿಂತಿದ್ದು, ಕಣಿವೆಗೆ ನೀರು ಬರುವುದು ಮುಖ್ಯವಾಗಿ ಪಶ್ಚಿಮದಿಂದ. ಶ್ರೀನಗರದಲ್ಲಿ ಸರಾಸರಿ ಅತಿ ಹೆಚ್ಚು ಮಳೆ ದಾಖಲಾಗುವ ತಿಂಗಳು ಮಾರ್ಚ್. ಆದ್ದರಿಂದ ಗುಲ್ಮಾರ್ಗ್‌ನ ವಸಂತವನ್ನು ಹಿಮ ಕರಗುವ ಕಾಲ ಎಂದಷ್ಟೇ ತಿಳಿಯುವುದು ಸರಿಯಲ್ಲ. ಅದು ಕರಗುವಿಕೆ ಮತ್ತು ಹೊಸ ಹಿಮಪಾತ ಎರಡೂ ಏಕಕಾಲದಲ್ಲಿ ನಡೆಯುವ ಕಾಲ.

ಈ ತೇವಾಂಶವನ್ನು ತರುವ ವ್ಯವಸ್ಥೆಯನ್ನು ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಅಥವಾ ಪಶ್ಚಿಮ ಕ್ಷೋಭೆ ಎಂದು ಕರೆಯಲಾಗುತ್ತದೆ. ಮೆಡಿಟರೇನಿಯನ್ ಪ್ರದೇಶದ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನ ಮತ್ತು ಪಾಕಿಸ್ತಾನಗಳ ಮೇಲೆ ಹಾದು ಬರುವ ಈ ಕಡಿಮೆ ಒತ್ತಡದ ಅಲೆಗಳು ಮೇಲ್ಮಟ್ಟದ ಪಶ್ಚಿಮ ಮಾರುತಗಳೊಂದಿಗೆ ಚಲಿಸುತ್ತವೆ. ದಾರಿಯಲ್ಲಿ ಅರಬ್ಬಿ ಸಮುದ್ರದ ತೇವಾಂಶವೂ ಇವುಗಳಿಗೆ ಸೇರಿಕೊಂಡರೆ ಹಿಮಪಾತ ಜೋರಾಗುತ್ತದೆ. ಅಲೆಯು ದೂರದಿಂದ ಬರುವುದರಿಂದ ಅದರ ಆಗಮನವನ್ನು ಹಲವು ದಿನ ಮುಂಚಿತವಾಗಿ ಗುರುತಿಸಬಹುದು. ಏಪ್ರಿಲ್‌ನಲ್ಲಿ ನೆಲ ಕಾಯತೊಡಗಿದ ಮೇಲೆ ಮಧ್ಯಾಹ್ನದ ಗುಡುಗು, ಮಿಂಚು ಮತ್ತು ಆಲಿಕಲ್ಲು ಮಳೆಯೂ ಇದಕ್ಕೆ ಸೇರುತ್ತದೆ. ಇವುಗಳ ಸ್ಥಳ ಮತ್ತು ಸಮಯವನ್ನು ಕೆಲವೇ ಗಂಟೆಗಳ ಮುಂಚೆಯಷ್ಟೇ ಹೇಳಲು ಸಾಧ್ಯ.

ಮುನ್ಸೂಚನೆ ನೀಡುವ ಸಂಸ್ಥೆಗಳು

ಗುಲ್ಮಾರ್ಗ್‌ಗೆ ಅಧಿಕೃತ ಹವಾಮಾನ ಮುನ್ಸೂಚನೆಯನ್ನು ಭಾರತೀಯ ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರವು ನೀಡುತ್ತದೆ. ಗುಲ್ಮಾರ್ಗ್‌ನಲ್ಲಿ ಇಲಾಖೆಯ ವೀಕ್ಷಣಾಲಯವಿದ್ದು, ಬೆಳಗ್ಗೆ 8.30ಕ್ಕೆ ಹಿಂದಿನ 24 ಗಂಟೆಗಳ ಮಳೆ ಹಾಗೂ ಹಿಮದ ಪ್ರಮಾಣವನ್ನು ದಾಖಲಿಸಲಾಗುತ್ತದೆ. ಎಚ್ಚರಿಕೆಗಳಿಗೆ ಹಸಿರು, ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣಗಳ ಸಂಕೇತವಿದೆ. ಬುಲೆಟಿನ್‌ಗಳಲ್ಲಿ ‘ಅಲ್ಲಲ್ಲಿ’, ‘ಕೆಲವೆಡೆ’, ‘ಹಲವೆಡೆ’, ‘ಬಹುತೇಕ ಕಡೆ’ ಎಂಬ ಅರ್ಥದ ಪದಗಳು ಬರುತ್ತವೆ. ಇವು ಮಳೆಯ ಪ್ರಮಾಣವನ್ನು ಸೂಚಿಸುವುದಿಲ್ಲ. ಆ ಪ್ರದೇಶದ ಶೇಕಡಾ ಎಷ್ಟು ಕೇಂದ್ರಗಳಲ್ಲಿ ಮಳೆ ಅಥವಾ ಹಿಮ ದಾಖಲಾಗಬಹುದು ಎಂಬುದನ್ನು ಸೂಚಿಸುತ್ತವೆ: ಶೇ. 25ರವರೆಗೆ, ಶೇ. 26–50, ಶೇ. 51–75 ಮತ್ತು ಅದಕ್ಕೂ ಹೆಚ್ಚು.

ಹಿಮಕುಸಿತದ ಎಚ್ಚರಿಕೆ ಹವಾಮಾನ ಇಲಾಖೆಯ ಹೊಣೆಯಲ್ಲ. ಈ ಕೆಲಸವನ್ನು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಅಂಗವಾದ, ಚಂಡೀಗಢದಲ್ಲಿರುವ ಡಿಫೆನ್ಸ್ ಜಿಯೊಇನ್ಫರ್ಮ್ಯಾಟಿಕ್ಸ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಮಾಡುತ್ತದೆ. ಮನಾಲಿಯಲ್ಲಿ ಬೆಳೆದ ಹಳೆಯ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆಯನ್ನು ಮತ್ತೊಂದು ಪ್ರಯೋಗಾಲಯದೊಂದಿಗೆ ವಿಲೀನಗೊಳಿಸಿ 2020ರಲ್ಲಿ ಇದನ್ನು ರೂಪಿಸಲಾಯಿತು. ಇದರ ಎಚ್ಚರಿಕೆಗಳು ಜಿಲ್ಲೆ, ಎತ್ತರ ಮತ್ತು ಅಪಾಯದ ಮಟ್ಟವನ್ನು ಹೆಸರಿಸುತ್ತವೆ ಹಾಗೂ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮೂಲಕ ಜನರಿಗೆ ತಲುಪುತ್ತವೆ. ಇಡೀ ಬಾರಾಮುಲ್ಲಾ ಜಿಲ್ಲೆಗೆ ಅನ್ವಯಿಸುವ ಎಚ್ಚರಿಕೆಯಿಂದ ಅಫರ್ವತ್‌ನ ಯಾವ ಇಳಿಜಾರು ಇಂದು ಸುರಕ್ಷಿತ ಎಂಬುದು ತಿಳಿಯುವುದಿಲ್ಲ. ಆ ನಿರ್ಣಯವನ್ನು ಸ್ಥಳದಲ್ಲಿಯೇ ಹಿಮವನ್ನು ಪರೀಕ್ಷಿಸುವ ಸ್ಕೀ ಗಸ್ತು ತಂಡದವರು ತೆಗೆದುಕೊಳ್ಳಬೇಕಾಗುತ್ತದೆ.

ಗಣಕ ಮಾದರಿಗಳು ಮತ್ತು ಬೆಟ್ಟದ ಆಕಾರ

ಆಧುನಿಕ ಮುನ್ಸೂಚನೆಯು ವಾತಾವರಣವನ್ನು ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುವ ಗಣಕ ಮಾದರಿಗಳನ್ನು ಅವಲಂಬಿಸಿದೆ. ಹವಾಮಾನ ಇಲಾಖೆ ಬಹುಕಾಲ ಬಳಸಿದ ಜಾಗತಿಕ ಮಾದರಿಯ ಚೌಕದ ಅಗಲ ಸುಮಾರು 12 ಕಿ.ಮೀ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ರೂಪಿಸಿ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಇದು 6 ಕಿ.ಮೀ.ಗೆ ಇಳಿದಿದೆ. ಇದು ದೊಡ್ಡ ಸುಧಾರಣೆಯೇ ಸರಿ. ಆದರೆ ಗೊಂಡೊಲಾದ ಎರಡೂ ಹಂತಗಳನ್ನು ಸೇರಿಸಿದರೂ ಅದರ ಉದ್ದ ಸುಮಾರು 5 ಕಿ.ಮೀ. ಮಾತ್ರ. ಗುಲ್ಮಾರ್ಗ್‌ನ ಹುಲ್ಲುಗಾವಲು, ಕೊಂಗ್‌ಡೂರಿ ಮತ್ತು ಅಫರ್ವತ್‌ನ ಭುಜ ಇವೆಲ್ಲವೂ ಅಂತಹ ಒಂದೇ ಚೌಕದೊಳಗೆ ಬೀಳಬಹುದು. ಆಗ ಮಾದರಿಯು ಕಾಣುವುದು 2,650 ಮೀಟರ್‌ನ ತಪ್ಪಲನ್ನೂ ಅಲ್ಲ, 3,950 ಮೀಟರ್‌ನ ತುದಿಯನ್ನೂ ಅಲ್ಲ. ಅವುಗಳ ನಡುವಿನ ಯಾವುದೋ ಒಂದು ಸರಾಸರಿ ಎತ್ತರವನ್ನು.

ಸ್ಕೀ ತಾಣಗಳಿಗೆಂದೇ ಇರುವ ಖಾಸಗಿ ಮುನ್ಸೂಚನಾ ಸೇವೆಗಳು ತಪ್ಪಲು, ನಡುಭಾಗ, ಶಿಖರ ಎಂದು ಮೂರು ಪ್ರತ್ಯೇಕ ಅಂಕಿಗಳನ್ನು ನೀಡುತ್ತವೆ. ಇವು ಸಾಮಾನ್ಯವಾಗಿ ಅದೇ ಜಾಗತಿಕ ಮಾದರಿಗಳ ಫಲಿತಾಂಶವನ್ನು ಎತ್ತರಕ್ಕೆ ತಕ್ಕಂತೆ ತಿದ್ದಿದ ಅಂದಾಜುಗಳೇ ಹೊರತು ಮೂರು ಕಡೆ ಅಳತೆ ಮಾಡಿದವುಗಳಲ್ಲ. ಹತ್ತಿರದ ಅವಧಿಗೆ ಡಾಪ್ಲರ್ ರೇಡಾರ್‌ಗಳು ನೆರವಾಗುತ್ತವೆ. ಶ್ರೀನಗರದ ರೇಡಾರ್‌ನ ಜೊತೆಗೆ 2023ರಲ್ಲಿ ಬನಿಹಾಲ್ ಶಿಖರದಲ್ಲಿಯೂ ಒಂದು ರೇಡಾರ್ ಕಾರ್ಯಾರಂಭ ಮಾಡಿತು. ಆದರೆ ರೇಡಾರ್‌ನ ಕಿರಣಕ್ಕೆ ಬೆಟ್ಟಗಳು ಅಡ್ಡ ಬರುವುದರಿಂದ ಪರ್ವತ ಪ್ರದೇಶದಲ್ಲಿ ಅದರ ನೋಟ ಬಯಲುಸೀಮೆಯಲ್ಲಿರುವಷ್ಟು ಪೂರ್ಣವಾಗಿರುವುದಿಲ್ಲ.

ಶೂನ್ಯ ಡಿಗ್ರಿ ಮಟ್ಟ

ವಾತಾವರಣದಲ್ಲಿ ಉಷ್ಣಾಂಶವು ಶೂನ್ಯ ಡಿಗ್ರಿಗೆ ಇಳಿಯುವ ಎತ್ತರವನ್ನು ಶೂನ್ಯ ಡಿಗ್ರಿ ಮಟ್ಟ ಎನ್ನಬಹುದು. ಬೀಳುವ ಹಿಮದ ಹಳುಕುಗಳು ಈ ಮಟ್ಟವನ್ನು ದಾಟಿದ ತಕ್ಷಣ ಕರಗುವುದಿಲ್ಲ. ಸಾಮಾನ್ಯವಾಗಿ ಇನ್ನೂ 200ರಿಂದ 300 ಮೀಟರ್ ಕೆಳಗಿನವರೆಗೆ ಹಿಮವಾಗಿಯೇ ಇಳಿದು ಅನಂತರ ಮಳೆಯಾಗುತ್ತವೆ. ಜೋರಾದ ಹಿಮಪಾತದಲ್ಲಿ ಕರಗುವ ಹಳುಕುಗಳು ಸುತ್ತಲಿನ ಗಾಳಿಯಿಂದ ಗುಪ್ತೋಷ್ಣವನ್ನು ಹೀರಿ ಗಾಳಿಯನ್ನು ತಣಿಸುವುದರಿಂದ ಈ ಗಡಿ ಇನ್ನಷ್ಟು ಕೆಳಗಿಳಿಯುತ್ತದೆ. ಮಧ್ಯಾಹ್ನ ಗುಲ್ಮಾರ್ಗ್‌ನ ಮಾರುಕಟ್ಟೆಯಲ್ಲಿ ಮಳೆಯಾಗಿ ಆರಂಭವಾದದ್ದು ಸಂಜೆಯ ಹೊತ್ತಿಗೆ ಹಿಮವಾಗಿ ಬದಲಾಗುವುದಕ್ಕೆ ಇದೂ ಒಂದು ಕಾರಣ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಮುನ್ಸೂಚನೆಯಲ್ಲಿ 20 ಮಿ.ಮೀ. ನೀರಿನ ಪ್ರಮಾಣ ಮತ್ತು 3,000 ಮೀಟರ್‌ನಲ್ಲಿ ಶೂನ್ಯ ಡಿಗ್ರಿ ಮಟ್ಟ ಎಂದಿದೆ ಎಂದುಕೊಳ್ಳೋಣ. ಗುಲ್ಮಾರ್ಗ್‌ನಲ್ಲಿ ಸುಮಾರು 2 ಡಿಗ್ರಿ ಉಷ್ಣಾಂಶವಿದ್ದು ಮಳೆ ಅಥವಾ ಹಿಮಮಿಶ್ರಿತ ಮಳೆ ಬೀಳುತ್ತದೆ. ಕೊಂಗ್‌ಡೂರಿಯಲ್ಲಿ ತೇವಭರಿತ, ಭಾರವಾದ ಹಿಮ 10ರಿಂದ 15 ಸೆಂ.ಮೀ. ಸೇರಬಹುದು. ಅಫರ್ವತ್‌ನ ತುದಿಯಲ್ಲಿ ಶೂನ್ಯಕ್ಕಿಂತ 6 ಡಿಗ್ರಿ ಕೆಳಗಿದ್ದು 20 ಸೆಂ.ಮೀ. ಅಥವಾ ಅದಕ್ಕೂ ಹೆಚ್ಚು ಒಣ ಹಿಮ ಕೂಡುತ್ತದೆ. ಒಂದು ಮಿಲಿಮೀಟರ್ ನೀರಿಗೆ ಒಂದು ಸೆಂಟಿಮೀಟರ್ ಹಿಮ ಎಂಬ ರೂಢಿಯ ಲೆಕ್ಕ ಶೀತಲ ಹಿಮಕ್ಕೆ ಮಾತ್ರ ಹೊಂದುತ್ತದೆ. ವಸಂತದ ತೇವಹಿಮದಲ್ಲಿ ಅದೇ ನೀರಿನಿಂದ ಅರ್ಧದಷ್ಟು ದಪ್ಪದ ಹಿಮ ಬಂದರೂ ಆಶ್ಚರ್ಯವಿಲ್ಲ.

ಇಲ್ಲಿ ಮುನ್ಸೂಚಕನ ಕಷ್ಟ ಸ್ಪಷ್ಟವಾಗುತ್ತದೆ. ಉಷ್ಣಾಂಶದ ಅಂದಾಜಿನಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೆ ಶೂನ್ಯ ಡಿಗ್ರಿ ಮಟ್ಟ ಸುಮಾರು 150 ಮೀಟರ್ ಮೇಲೆ ಅಥವಾ ಕೆಳಗೆ ಸರಿಯುತ್ತದೆ. ಬೆಂಗಳೂರಿನ ಮುನ್ಸೂಚನೆಯಲ್ಲಿ ಒಂದು ಡಿಗ್ರಿಯ ತಪ್ಪನ್ನು ಯಾರೂ ಗಮನಿಸುವುದಿಲ್ಲ. ಮಾರ್ಚ್‌ನ ಗುಲ್ಮಾರ್ಗ್‌ನಲ್ಲಿ ಅದು ತಪ್ಪಲಿನ ಓಟದ ಹಾದಿಗೆ ಹೊಸ ಹಿಮದ ಹೊದಿಕೆ ಸಿಗುತ್ತದೆಯೋ ಅಥವಾ ಇರುವ ಹಿಮವೂ ಮಳೆಯಲ್ಲಿ ಕೊಚ್ಚಿಹೋಗುತ್ತದೆಯೋ ಎಂಬುದನ್ನು ನಿರ್ಧರಿಸುತ್ತದೆ. ತಂಗ್‌ಮಾರ್ಗ್‌ನಿಂದ ಮೇಲೇರುವ ವಾಹನಗಳಿಗೆ ಚಕ್ರದ ಸರಪಳಿ ಬೇಕೇ ಎಂಬುದೂ ಇದನ್ನೇ ಅವಲಂಬಿಸಿದೆ.

ರಾತ್ರಿಯ ಹೆಪ್ಪುಗಟ್ಟುವಿಕೆ

ವಸಂತದಲ್ಲಿ ಹಗಲು ಕರಗಿದ ಹಿಮದ ಮೇಲ್ಪದರ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಈ ಚಕ್ರ ಹಲವು ದಿನ ನಡೆದಾಗ ಹಿಮದ ಹರಳುಗಳು ದುಂಡಗಾಗಿ, ಒರಟು ಕಣಗಳಾಗುತ್ತವೆ. ಜೋಳದ ಕಾಳನ್ನು ಹೋಲುವುದರಿಂದ ಸ್ಕೀ ಪಟುಗಳು ಇದನ್ನು ‘ಕಾರ್ನ್ ಸ್ನೋ’ ಎಂದು ಕರೆಯುತ್ತಾರೆ. ಮುಂಜಾನೆ ಈ ಮೇಲ್ಮೈ ಗಟ್ಟಿಯಾಗಿದ್ದು ಜಾರುತ್ತದೆ. ಬಿಸಿಲು ತಾಗಿ ಮೇಲಿನ ಒಂದೆರಡು ಸೆಂಟಿಮೀಟರ್ ಮೃದುವಾದಾಗ ಸ್ಕೀಯಿಂಗ್‌ಗೆ ಅತ್ಯುತ್ತಮವಾಗಿರುತ್ತದೆ. ಇನ್ನೆರಡು ಗಂಟೆ ಕಳೆದರೆ ಕಾಲು ಹೂತುಹೋಗುವ ಕೆಸರಿನಂತಾಗುತ್ತದೆ. ಗೊಂಡೊಲಾದ ಇಳಿಜಾರುಗಳು ಬಹುಮಟ್ಟಿಗೆ ಪೂರ್ವ ಮತ್ತು ಈಶಾನ್ಯಕ್ಕೆ ಮುಖಮಾಡಿರುವುದರಿಂದ ಅವುಗಳಿಗೆ ಬೆಳಗಿನ ಬಿಸಿಲು ಬೇಗ ಸಿಗುತ್ತದೆ. ಹೀಗಾಗಿ ಒಳ್ಳೆಯ ಹಿಮದ ಅವಧಿ ಇಲ್ಲಿ ಬೇಗ ಆರಂಭವಾಗಿ ಬೇಗ ಮುಗಿಯುತ್ತದೆ.

ರಾತ್ರಿ ಹೆಪ್ಪುಗಟ್ಟುತ್ತದೆಯೇ ಎಂಬುದು ಗಾಳಿಯ ಉಷ್ಣಾಂಶಕ್ಕಿಂತಲೂ ಹೆಚ್ಚಾಗಿ ಆಕಾಶದ ಸ್ಥಿತಿಯನ್ನು ಅವಲಂಬಿಸಿದೆ. ಶುಭ್ರ ಆಕಾಶದಡಿಯಲ್ಲಿ ಹಿಮವು ತನ್ನ ಶಾಖವನ್ನು ವಿಕಿರಣದ ಮೂಲಕ ಹೊರಸೂಸಿ, ಗಾಳಿ ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೂ ಹೆಪ್ಪುಗಟ್ಟಬಲ್ಲದು. ಮೋಡ ಕವಿದರೆ ಆ ಶಾಖ ಹೊರಹೋಗದೆ ಹಿಮ ಒದ್ದೆಯಾಗಿಯೇ ಉಳಿಯುತ್ತದೆ. ಆದ್ದರಿಂದ ‘ರಾತ್ರಿ ಮೋಡ ಕವಿದ ವಾತಾವರಣ’ ಎಂಬ ಸಾಮಾನ್ಯ ವಾಕ್ಯವು ವಸಂತದ ಗುಲ್ಮಾರ್ಗ್‌ನಲ್ಲಿ ಒಂದು ಎಚ್ಚರಿಕೆಯಾಗಿದೆ: ಮರುದಿನ ಹಿಮಹೊದಿಕೆ ಬೆಳಗಿನಿಂದಲೇ ದುರ್ಬಲವಾಗಿರುತ್ತದೆ. ಹಳೆಯ ಹಿಮ ಹೊಸ ಹಿಮಕ್ಕಿಂತ ಹೆಚ್ಚು ಬೇಗ ಕರಗುತ್ತದೆ. ಹೊಸ ಹಿಮವು ತನ್ನ ಮೇಲೆ ಬೀಳುವ ಬಿಸಿಲಿನ ಶೇ. 80ಕ್ಕಿಂತ ಹೆಚ್ಚು ಭಾಗವನ್ನು ಪ್ರತಿಫಲಿಸಿದರೆ, ಒದ್ದೆಯಾದ, ಧೂಳು ಹಿಡಿದ ಹಿಮ ಅರ್ಧದಷ್ಟನ್ನು ಹೀರಿಕೊಳ್ಳಬಹುದು.

ಹಿಮಕುಸಿತದ ಅಪಾಯ

ಹೆಚ್ಚಿನ ಹಿಮಕುಸಿತಗಳು 30ರಿಂದ 45 ಡಿಗ್ರಿ ಕಡಿದಾದ ಇಳಿಜಾರುಗಳಲ್ಲಿ ಸಂಭವಿಸುತ್ತವೆ. ಅಫರ್ವತ್‌ನಲ್ಲಿ ಇಂತಹ ಇಳಿಜಾರುಗಳು ಧಾರಾಳವಾಗಿವೆ. 2010ರ ಫೆಬ್ರವರಿ 8ರಂದು ಖಿಲನ್‌ಮಾರ್ಗ್‌ನಲ್ಲಿ ಸಂಭವಿಸಿದ ಹಿಮಕುಸಿತದಲ್ಲಿ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್‌ನಲ್ಲಿ ತರಬೇತಿಯಲ್ಲಿದ್ದ 17 ಯೋಧರು ಮೃತಪಟ್ಟರು. 2023ರ ಫೆಬ್ರವರಿ 1ರಂದು ಪೋಲೆಂಡ್‌ನ ಇಬ್ಬರು, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬ ಸ್ಕೀ ಪಟು ಹಿಮಕುಸಿತಕ್ಕೆ ಬಲಿಯಾದರು.

ಈ ಮೂರೂ ದುರಂತಗಳು ಫೆಬ್ರವರಿಯವು. ವಸಂತದಲ್ಲಿ ಅಪಾಯದ ಸ್ವರೂಪ ಬದಲಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಹೊಸ ಹಿಮ ಮತ್ತು ಗಾಳಿ ಗುಡ್ಡೆ ಹಾಕಿದ ಹಿಮದಿಂದ ಬರುವ ಅಪಾಯ ಮೇಲ್ಭಾಗದಲ್ಲಿ ಮುಂದುವರಿಯುತ್ತದೆ. ಕೆಳಭಾಗದಲ್ಲಿ ಕರಗಿದ ನೀರು ಅಥವಾ ಮಳೆ ಹಿಮಹೊದಿಕೆಯೊಳಗೆ ಇಳಿದು ಪದರಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ಜನವರಿಯ ಒಣಹವೆಯಲ್ಲಿ ತಳದಲ್ಲಿ ರೂಪುಗೊಂಡ ಸಕ್ಕರೆಯಂತಹ ದುರ್ಬಲ ಪದರಕ್ಕೆ ಮಾರ್ಚ್‌ನಲ್ಲಿ ನೀರು ತಲುಪಿದರೆ ಇಡೀ ಹೊದಿಕೆಯೇ ನೆಲದವರೆಗೆ ಜಾರುವ ಸಾಧ್ಯತೆಯಿದೆ. ಒಣ ಹಿಮದ ಅಪಾಯ ಬಿರುಗಾಳಿಯ ಸಮಯಕ್ಕೆ ತಕ್ಕಂತೆ ಏರಿಳಿದರೆ, ಒದ್ದೆ ಹಿಮದ ಅಪಾಯ ಗಡಿಯಾರಕ್ಕೆ ತಕ್ಕಂತೆ ಏರಿಳಿಯುತ್ತದೆ. ಬೆಳಗ್ಗೆ 8ಕ್ಕೆ ಸುರಕ್ಷಿತವಾಗಿದ್ದ ಇಳಿಜಾರು ಮಧ್ಯಾಹ್ನ 1ಕ್ಕೆ ಹಾಗಿರಬೇಕೆಂದಿಲ್ಲ. ದಿನಕ್ಕೊಮ್ಮೆ ಪ್ರಕಟವಾಗುವ ಒಂದು ಅಂಕಿಯ ಎಚ್ಚರಿಕೆ ಈ ಬದಲಾವಣೆಯನ್ನು ಪೂರ್ಣವಾಗಿ ಹೇಳಲಾರದು.

ಗಾಳಿಯ ಮುನ್ಸೂಚನೆಯೂ ಮುಖ್ಯ. ಶಿಖರದಲ್ಲಿ ಗಾಳಿ ಜೋರಾದರೆ ಎರಡನೆಯ ಹಂತದ ಗೊಂಡೊಲಾವನ್ನು ನಿಲ್ಲಿಸಲಾಗುತ್ತದೆ. 2017ರ ಜೂನ್ 25ರಂದು ಬಿರುಗಾಳಿಗೆ ಮರವೊಂದು ಉರುಳಿ ರೋಪ್‌ವೇಗೆ ಬಡಿದು ಏಳು ಮಂದಿ ಮೃತಪಟ್ಟಿದ್ದರು.

ಕ್ರೀಡಾಕೂಟಗಳು ಮತ್ತು ಪ್ರವಾಸೋದ್ಯಮ

ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಭಾಗವು ಮೊದಲ ಬಾರಿಗೆ 2020ರ ಮಾರ್ಚ್‌ನಲ್ಲಿ ನಡೆಯಿತು. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಹುಲ್ಲುಗಾವಲು ಬಹುಪಾಲು ಹಿಮವಿಲ್ಲದೆ ಕಂದು ಬಣ್ಣಕ್ಕೆ ತಿರುಗಿತ್ತು. ತಿಂಗಳ ಕೊನೆಗೆ ಬಂದ ಹಿಮದಿಂದಾಗಿ ಫೆಬ್ರವರಿಯ ಕೂಟ ನಡೆಯಿತು. 2025ರಲ್ಲಿ ಫೆಬ್ರವರಿ 22ರಿಂದ 25ರವರೆಗೆ ನಿಗದಿಯಾಗಿದ್ದ ಕೂಟವನ್ನು ಹಿಮದ ಕೊರತೆಯಿಂದ ಮುಂದೂಡಲಾಯಿತು. ಫೆಬ್ರವರಿ ಕೊನೆಯ ದಿನಗಳಲ್ಲಿ ಪಶ್ಚಿಮ ಕ್ಷೋಭೆಯೊಂದು ಹಿಮ ತಂದ ಮೇಲೆ ಮಾರ್ಚ್ 9ರಿಂದ 12ರವರೆಗೆ ಸ್ಪರ್ಧೆಗಳು ಜರುಗಿದವು. ಚಳಿಗಾಲದ ಕೂಟವು ವಸಂತದ ಹಿಮವನ್ನು ನೆಚ್ಚಿಕೊಳ್ಳಬೇಕಾಗಿ ಬಂದ ಈ ಪ್ರಸಂಗವು ಮುನ್ಸೂಚನೆಯ ಮಹತ್ವವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ಕ್ಷೋಭೆಯ ಆಗಮನವನ್ನು ಒಂದು ವಾರದೊಳಗೆ ಹೇಳಬಹುದು, ಆದರೆ ಕ್ರೀಡಾಕೂಟದ ದಿನಾಂಕಗಳನ್ನು ತಿಂಗಳುಗಳ ಮೊದಲೇ ಗೊತ್ತುಪಡಿಸಬೇಕಾಗುತ್ತದೆ. ಈ ಕೂಟಗಳಲ್ಲಿ ಕರ್ನಾಟಕದ ಪಟುಗಳೂ ಭಾಗವಹಿಸುತ್ತಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ರಾಜ್ಯಕ್ಕೆ ಪದಕ ಗಳಿಸಿಕೊಟ್ಟಿದ್ದಾರೆ.

ಸ್ಥಳೀಯ ಸ್ಕೀ ಬೋಧಕರು, ಕುದುರೆ ಓಡಿಸುವವರು, ಜಾರುಬಂಡಿ ಎಳೆಯುವವರು ಮತ್ತು ಹೋಟೆಲ್ ನೌಕರರ ಆದಾಯ ಹಿಮದ ದಿನಗಳ ಸಂಖ್ಯೆಯನ್ನು ಅವಲಂಬಿಸಿದೆ. ಶಾಲಾ ರಜೆ ಆರಂಭವಾಗುವ ಏಪ್ರಿಲ್‌ನಲ್ಲಿ ಕರ್ನಾಟಕದಿಂದ ಹೋಗುವ ಕುಟುಂಬಗಳಿಗೆ ತಪ್ಪಲಿನಲ್ಲಿ ಸಾಮಾನ್ಯವಾಗಿ ಕರಗುತ್ತಿರುವ ಹಿಮದ ತೇಪೆಗಳು ಮತ್ತು ಕೆಸರು ಎದುರಾಗುತ್ತವೆ. ಆ ದಿನಗಳಲ್ಲಿ ಹಿಮವನ್ನು ಕಾಣಲು ಎರಡನೆಯ ಹಂತದವರೆಗೆ ಹೋಗಬೇಕಾಗಬಹುದು, ಮತ್ತು ಅದು ತೆರೆದಿದೆಯೇ ಎಂಬುದು ಆ ಬೆಳಗಿನ ಗಾಳಿಯನ್ನು ಅವಲಂಬಿಸಿರುತ್ತದೆ.

ಮುನ್ಸೂಚನೆಯ ವಿಶ್ವಾಸಾರ್ಹತೆ

ಮೂರು ದಿನಗಳೊಳಗಿನ ಮುನ್ಸೂಚನೆಯಲ್ಲಿ ಹಿಮಪಾತದ ಸಮಯ ಮತ್ತು ಶೂನ್ಯ ಡಿಗ್ರಿ ಮಟ್ಟವನ್ನು ಬಹುಮಟ್ಟಿಗೆ ನಂಬಬಹುದು. ಐದರಿಂದ ಏಳು ದಿನಗಳ ಅವಧಿಯಲ್ಲಿ ಕ್ಷೋಭೆ ಬರುತ್ತದೆ ಎಂಬುದನ್ನಷ್ಟೇ ಪರಿಗಣಿಸಬೇಕು. ಅದರ ಜೊತೆಗಿರುವ ಸೆಂಟಿಮೀಟರ್‌ಗಳ ಅಂಕಿಗೆ ಹೆಚ್ಚಿನ ಬೆಲೆಯಿಲ್ಲ. ಹತ್ತು ದಿನಗಳಾಚೆಗೆ ದೊರೆಯುವುದು ಸಾಮಾನ್ಯಕ್ಕಿಂತ ಬೆಚ್ಚಗೆ ಅಥವಾ ಒಣದಾಗಿ ಇರಬಹುದೆಂಬ ಒಲವು ಮಾತ್ರ. ಹದಿನಾಲ್ಕನೆಯ ದಿನಕ್ಕೂ ನಿಖರ ಅಂಕಿಯನ್ನು ತೋರಿಸುವ ಆ್ಯಪ್‌ಗಳು ಇಲ್ಲದ ಖಚಿತತೆಯನ್ನು ಇದೆಯೆಂದು ತೋರಿಸುತ್ತವೆ.

ಕಠ್ಮಂಡುವಿನಲ್ಲಿರುವ ಅಂತರರಾಷ್ಟ್ರೀಯ ಸಮಗ್ರ ಪರ್ವತಾಭಿವೃದ್ಧಿ ಕೇಂದ್ರವು ಹಿಂದೂಕುಷ್–ಹಿಮಾಲಯ ಪ್ರದೇಶದಲ್ಲಿ ಹಿಮ ನೆಲದ ಮೇಲೆ ಉಳಿಯುವ ಅವಧಿಯನ್ನು ಪ್ರತಿವರ್ಷ ಪ್ರಕಟಿಸುತ್ತದೆ. ಅದರ 2025ರ ವರದಿಯ ಪ್ರಕಾರ ಇದು ಸಾಮಾನ್ಯಕ್ಕಿಂತ ಶೇ. 23.6ರಷ್ಟು ಕಡಿಮೆಯಾಗಿ, 23 ವರ್ಷಗಳಲ್ಲಿಯೇ ಕನಿಷ್ಠ ಮಟ್ಟವನ್ನು ತಲುಪಿತ್ತು. ಪೀರ್ ಪಂಜಾಲ್‌ನ ಈ ಇಳಿಜಾರುಗಳ ಹಿಮ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕರಗಿ ಝೀಲಂ ನದಿಯ ಉಪನದಿಗಳಿಗೆ ಸೇರುವುದರಿಂದ, ಕಣಿವೆಯ ಭತ್ತದ ಗದ್ದೆ ಮತ್ತು ಸೇಬಿನ ತೋಟಗಳ ರೈತರೂ ಗುಲ್ಮಾರ್ಗ್‌ನ ವಸಂತದ ಹಿಮದ ವರದಿಗಳನ್ನು ಗಮನಿಸುತ್ತಾರೆ.